ಮೋಟಾರು ಗಾಡಿಯ ಬ್ರೇಕು ಕೊಡುವ ಮುನ್ಸೂಚನೆಗಳು

(ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣ ಸಂಸ್ಥೆಯೊಂದರ ವೇದಿಕೆಯ ಮೇಲೆ ನಾಡುನುಡಿಗಳ ವಿಷಯವಾಗಿಯೋ ಸಾಹಿತ್ಯದ ವಿಷಯವಾಗಿಯೋ ಮಾತನಾಡುವುದು ರೂಢಿ. ಅಂಥ ವೇದಿಕೆಯ ಮೇಲೆ ನಿಂತು ಎಣ್ಣೆ, ರಬ್ಬರು, ಕಬ್ಬಿಣಗಳ ಮಾತನ್ನಾಡುವವನಿಗೆ ತುಸು ಸಂಕೋಚವಾಗುವುದು ಸಹಜ. ಆದರೆ ನನ್ನನ್ನು ಆಮಂತ್ರಿಸಿದ ಹಿರಿಯರು ಒಂದು ಮಾತನ್ನು ಹೇಳಿದರು: ಮಕ್ಕಳು ಪಾಟೀಚೀಲ ಹೆಗಲಿಗೇರಿಸಿಕೊಂಡು ಹೊಲದ ಬದುವಿನ ಮೇಲೆ ನಡೆದು ಶಾಲೆಗೆ ಬರುತ್ತಿದ್ದ ಕಾಲ ಹೋಯಿತು, ಇಂದು ಅವರು ವ್ಯಾನುಗಳಲ್ಲಿ, ರಿಕ್ಷಾಗಳಲ್ಲಿ, ತಂದೆಯ ಮೋಟಾರು ಸೈಕಲ್ಲಿನ ಮೇಲೆ, ಉಳ್ಳವರ ಮನೆಯ ಕಾರುಗಳಲ್ಲಿ ಬರುತ್ತಾರೆ, ಅವರು ಕಲಿಯುವ ಪಾಠದ ಬಗೆಗೆ ನಾವು ವಿಚಾರಿಸುತ್ತೇವೆ, ಅವರನ್ನು ಹೊತ್ತು ತರುವ ಗಾಡಿಯ ಬಗೆಗೆ ಯಾರೂ ವಿಚಾರಿಸುವುದಿಲ್ಲ. ಈ ಮಾತು ನನ್ನ ಸಂಕೋಚವನ್ನು ದೂರಮಾಡಿತು. ಮೋಟಾರು ದುರಸ್ತಿಯ ಕಸುಬಿನಲ್ಲಿ ಬಹುಕಾಲ ಕಳೆದವನಾದುದರಿಂದ, ಆ ಗಾಡಿಯ ಸಾವಿರ ಅಂಗಗಳಲ್ಲಿ ಒಂದೇ ಒಂದನ್ನು, ಎಂದರೆ ಬ್ರೇಕನ್ನು, ಆರಿಸಿಕೊಂಡು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ವೃತ್ತಪತ್ರಿಕೆಗಳಲ್ಲಿ ನಾವು ಪದೇ ಪದೇ ಓದುವ ವಾಕ್ಯವೊಂದುಂಟು: "ಬ್ರೇಕು ಫೇಲಾಗಿ ಅಪಘಾತ." ಈ ವಾಕ್ಯದ ಧಾಟಿ ಎಂಥದೆಂದರೆ, ಸಿಡಿಲು ಬಡಿದಂತೆ, ಯಾರ ಕೈಯಲ್ಲಿಯೂ ಇಲ್ಲದ ಒಂದು ಸಂಗತಿ ನಡೆದುಹೋಯಿತೆಂಬ ಭಾವನೆ ಓದುವವರ ಮನಸ್ಸಿನಲ್ಲಿ ಮೂಡುತ್ತದೆ. ನನ್ನ ತಿಳಿವಳಿಕೆಯ ಮಟ್ಟಿಗೆ ಹೇಳುವುದಾದರೆ, ಬ್ರೇಕು ಹಾಗೆ ಒಮ್ಮೆಲೇ ಕೈಕೊಡುವುದು ವಿರಳ. ಎಣ್ಣೆಯ ಪೈಪು ಹಠಾತ್ತನೆ ಒಡೆಯುವುದಿಲ್ಲವೇ ಎಂದು ಕೇಳಬಹುದು. ಒಡೆಯುತ್ತದೆ. ಆದರೆ ಬಹುಮಟ್ಟಿಗೆ ಆ ಪೈಪು ಒಡೆಯುವ ಮೊದಲು ತುಕ್ಕು ಹಿಡಿದಿರುತ್ತದೆ, ಬೆವರಿದಂತೆ ಒದ್ದೆಯಾಗಿರುತ್ತದೆ, ಅದರ ಕೆಳಗಿನ ನೆಲದ ಮೇಲೆ ಕಲೆ ಬಿದ್ದಿರುತ್ತದೆ. ಬ್ರೇಕು ತನ್ನ ಅಸ್ವಾಸ್ಥ್ಯವನ್ನು ದಿನಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ ಮೊದಲೇ ಹೇಳುತ್ತಿರುತ್ತದೆ. ಕಾಲಿಗೆ ಹೇಳುತ್ತದೆ, ಕಿವಿಗೆ ಹೇಳುತ್ತದೆ, ಮೂಗಿಗೆ ಹೇಳುತ್ತದೆ, ಕಣ್ಣಿಗೂ ಹೇಳುತ್ತದೆ. ಆ ಭಾಷೆಯನ್ನು ಅರಿತುಕೊಳ್ಳಲು ಯಂತ್ರಶಾಸ್ತ್ರದ ಪದವಿ ಬೇಕಾಗಿಲ್ಲ.

ಮೊದಲು ಈ ಸಾಧನದ ಕೆಲಸವೇನೆಂಬುದನ್ನು ಸ್ವಲ್ಪದರಲ್ಲಿ ನೋಡೋಣ. ಬ್ರೇಕು ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆಂದು ನಾವು ಆಡುಮಾತಿನಲ್ಲಿ ಹೇಳುತ್ತೇವೆ. ವಾಸ್ತವವಾಗಿ ಅದು ಓಡುವ ಗಾಡಿಯಲ್ಲಿರುವ ಚಲನಶಕ್ತಿಯನ್ನು ಘರ್ಷಣೆಯ ಮೂಲಕ ಶಾಖವನ್ನಾಗಿ ಮಾರ್ಪಡಿಸಿ ಗಾಳಿಗೆ ಬಿಡುತ್ತದೆ. ೧೦೦೦ ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ ೮೦ ಕಿಲೋಮೀಟರ್ ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಶಾಖವು ಮುಕ್ಕಾಲು ಲೀಟರಿನಷ್ಟು ತಣ್ಣೀರನ್ನು ಕುದಿಯುವ ಹದಕ್ಕೆ ತರಬಲ್ಲದು. ವೇಗ ಇಮ್ಮಡಿಯಾದರೆ ಈ ಶಕ್ತಿ ನಾಲ್ಮಡಿಯಾಗುತ್ತದೆ. ಆದುದರಿಂದಲೇ ೪೦ ಕಿಲೋಮೀಟರ್ ವೇಗದ ಕಾರು ಒಣ ರಸ್ತೆಯ ಮೇಲೆ ಬ್ರೇಕು ಒತ್ತಿದ ಮೇಲೆ ಸುಮಾರು ೯ ಮೀಟರಿನಲ್ಲಿ ನಿಂತರೆ, ೮೦ರ ವೇಗದ ಕಾರಿಗೆ ಸುಮಾರು ೩೫ ಮೀಟರು ಬೇಕಾಗುತ್ತದೆ. ಚಾಲಕನು ಕಂಡು, ಅರಿತು, ಕಾಲೆತ್ತಿ ಒತ್ತುವ ಮೊದಲಿನ ಒಂದು ಸೆಕೆಂಡು ಇದರಲ್ಲಿ ಸೇರಿಲ್ಲ. ಆ ಒಂದು ಸೆಕೆಂಡಿನಲ್ಲಿ ಗಾಡಿ ಇನ್ನೂ ೨೨ ಮೀಟರು ಮುಂದೆ ಹೋಗಿರುತ್ತದೆ. ಇದು ಬ್ರೇಕು ಪೂರ್ಣ ಆರೋಗ್ಯದಿಂದಿರುವಾಗಿನ ಲೆಕ್ಕ.

ಕಾಲಿನ ಒತ್ತಡವನ್ನು ಗಾಲಿಗಳಿಗೆ ಒಯ್ಯುವುದು ದ್ರವ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ, ಹದಿನೇಳನೆಯ ಶತಮಾನದ ಫ್ರೆಂಚ್ ವಿದ್ವಾಂಸ ಪಾಸ್ಕಲನ ನಿಯಮವನ್ನು ವಿದ್ಯಾರ್ಥಿಗಳು ವಿಜ್ಞಾನದ ಪುಸ್ತಕದಲ್ಲಿ ಓದಿರುತ್ತೀರಿ. ಮೊದಮೊದಲು ಮೋಟಾರು ಗಾಡಿಗಳಲ್ಲಿ ಸರಳು ಮತ್ತು ತಂತಿಗಳಿಂದ ಬ್ರೇಕನ್ನು ಎಳೆಯುತ್ತಿದ್ದರು. ೧೯೨೧ರಲ್ಲಿ ಅಮೇರಿಕೆಯ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಗಾಲಿಗಳಿಗೆ ದ್ರವದ ಬ್ರೇಕು ಬಂತು. ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರ್ ಎಂಬ ಪಿಚಕಾರಿಯಂಥ ಭಾಗವು ಎಣ್ಣೆಯನ್ನು ಪೈಪುಗಳೊಳಗೆ ನೂಕುತ್ತದೆ. ಆ ಒತ್ತಡದಿಂದ ಗಾಲಿಯ ಬಳಿಯ ಪ್ಯಾಡುಗಳು ತಿರುಗುವ ಡಿಸ್ಕನ್ನು ಇಕ್ಕಳದಂತೆ ಹಿಡಿಯುತ್ತವೆ, ಇಲ್ಲವೆ ಡ್ರಮ್ಮಿನೊಳಗಿನ ಶೂಗಳು ಹೊರಕ್ಕೆ ಅಗಲಿ ಡ್ರಮ್ಮಿಗೆ ಒತ್ತುತ್ತವೆ. ಹಳೆಯ ಅಂಬಾಸಡರ್ ಗಾಡಿಗಳಲ್ಲಿ ನಾಲ್ಕೂ ಕಡೆಗೆ ಡ್ರಮ್ಮುಗಳೇ ಇದ್ದವು. ಇಂದಿನ ಸಾಮಾನ್ಯ ಕಾರುಗಳಲ್ಲಿ ಹೆಚ್ಚಾಗಿ ಮುಂದೆ ಡಿಸ್ಕು, ಹಿಂದೆ ಡ್ರಮ್ಮು.

ಇನ್ನು ಕಾಲಿನ ಮಾತಿಗೆ ಬರೋಣ. ಬ್ರೇಕಿನ ನಾಡಿ ಇರುವುದು ಪೆಡಲಿನಲ್ಲಿ. ವೈದ್ಯನು ಮಣಿಕಟ್ಟು ಹಿಡಿದು ನೋಡುವಂತೆ ಚಾಲಕನು ಅಂಗಾಲಿನಿಂದ ಅದನ್ನು ನೋಡಬೇಕು. ಆರೋಗ್ಯವಂತ ಪೆಡಲು ಸ್ವಲ್ಪ ದೂರ ಹಗುರಾಗಿ ಇಳಿದು, ಅನಂತರ ಗಟ್ಟಿಯಾಗಿ, ಪ್ರತಿದಿನ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಒತ್ತಿದಾಗ ಅದು ಹತ್ತಿ ತುಂಬಿದ ದಿಂಬನ್ನು ಮೆಟ್ಟಿದಂತೆ ಮೆತ್ತಗಾದರೆ, ಪೈಪುಗಳೊಳಗೆ ಗಾಳಿ ಸೇರಿಕೊಂಡಿದೆಯೆಂದು ಬಹುಮಟ್ಟಿಗೆ ತಿಳಿಯಬಹುದು. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಆದ್ದರಿಂದ ಕಾಲಿನ ಬಲವು ಗಾಲಿಯನ್ನು ಮುಟ್ಟದೆ ಆ ಗುಳ್ಳೆಗಳನ್ನು ಹಿಂಡುವುದರಲ್ಲಿಯೇ ವ್ಯಯವಾಗುತ್ತದೆ. ಮೊದಲನೆಯ ಸಲ ಪೆಡಲು ಕೆಳಗಿಳಿದು, ಎರಡನೆಯ ಸಲ ಒತ್ತಿದಾಗ ಮೇಲಕ್ಕೆ ಬಂದು ಗಟ್ಟಿಯಾದರೆ, ಗಾಳಿ ಸೇರಿದೆ ಅಥವಾ ಡ್ರಮ್ಮಿನೊಳಗಿನ ಶೂಗಳು ಸವೆದು ಅಂತರ ಹೆಚ್ಚಾಗಿದೆ. "ನಮ್ಮ ಗಾಡಿಗೆ ಎರಡು ಸಲ ಹೊಡೆದರೆ ಬ್ರೇಕು ಚೆನ್ನಾಗಿ ಹತ್ತುತ್ತದೆ" ಎಂದು ಹೆಮ್ಮೆಯಿಂದ ಹೇಳುವ ಚಾಲಕರನ್ನು ನಾನು ಕಂಡಿದ್ದೇನೆ. ಅಡ್ಡ ಬಂದ ಮಗು ಎರಡನೆಯ ಸಲದವರೆಗೆ ಕಾಯುವುದಿಲ್ಲವೆಂಬುದು ಅವರ ಲಕ್ಷ್ಯಕ್ಕೆ ಬಂದಿರುವುದಿಲ್ಲ.

ಇದಕ್ಕಿಂತ ಕಪಟವಾದ ಲಕ್ಷಣ ಇನ್ನೊಂದು. ಗಾಡಿ ನಿಂತಿರುವಾಗ ಎಂಜಿನ್ ನಡೆಯುತ್ತಿರಲಿ. ಪೆಡಲನ್ನು ಸಮನಾದ ಬಲದಿಂದ ಅರ್ಧ ನಿಮಿಷ ಒತ್ತಿಹಿಡಿಯಿರಿ. ಅದು ನಿಂತಲ್ಲಿ ನಿಲ್ಲದೆ ನಿಧಾನವಾಗಿ ನೆಲದ ಕಡೆಗೆ ಜಾರುತ್ತ ಹೋದರೆ, ಎಣ್ಣೆ ಎಲ್ಲಿಯೋ ಹೊರಗೆ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಸವೆದು ಒಳಗೊಳಗೇ ಹಿಂದಕ್ಕೆ ಸರಿಯುತ್ತಿದೆ. ಎರಡನೆಯದಾದರೆ ಹೊರಗೆ ಒಂದು ಹನಿಯೂ ಬೀಳುವುದಿಲ್ಲ, ಡಬ್ಬಿಯಲ್ಲಿ ಎಣ್ಣೆಯ ಮಟ್ಟವೂ ಇಳಿಯುವುದಿಲ್ಲ. ಜೋರಾಗಿ ಒತ್ತಿದಾಗ ಬ್ರೇಕು ಹತ್ತುತ್ತದೆ, ಸಿಗ್ನಲಿನಲ್ಲಿ ಮೆಲ್ಲಗೆ ಒತ್ತಿ ನಿಂತಾಗ ಗಾಡಿ ಮುಂದೆ ತೆವಳುತ್ತದೆ. ಇಂಥ ಗಾಡಿಯನ್ನು ಆ ದಿನವೇ ಮಿಸ್ತ್ರಿಗೆ ತೋರಿಸತಕ್ಕದ್ದು.

ಇಂದಿನ ಗಾಡಿಗಳಲ್ಲಿ ಬ್ರೇಕಿನ ದ್ರವಕ್ಕೆ ಒಂದೇ ದಾರಿಯಿರುವುದಿಲ್ಲ. ಬೇರೆ ಬೇರೆಯಾದ ಎರಡು ದಾರಿಗಳಿರುತ್ತವೆ. ಒಂದು ಒಡೆದರೂ ಇನ್ನೊಂದರಿಂದ ಎರಡು ಗಾಲಿಗಳಾದರೂ ಹಿಡಿಯಲಿ ಎಂಬುದು ಇದರ ಉದ್ದೇಶ. ಈ ಉಪಕಾರದಲ್ಲಿಯೇ ಒಂದು ಅಪಾಯ ಅಡಗಿದೆ. ಒಂದು ದಾರಿ ಕೆಟ್ಟಾಗ ಪೆಡಲು ವಾಡಿಕೆಗಿಂತ ಬಹಳ ಕೆಳಗಿಳಿದು ಬ್ರೇಕು ಹತ್ತುತ್ತದೆ. ಗಾಡಿ ತಡವಾಗಿ ನಿಲ್ಲುತ್ತದೆ, ಆದರೆ ನಿಲ್ಲುತ್ತದೆ. ನಿಂತಿತಲ್ಲ ಎಂದು ಮಾಲಿಕನು ಸುಮ್ಮನಾಗುತ್ತಾನೆ. ಅವನು ಅರ್ಧ ಬ್ರೇಕಿನಿಂದ ಗಾಡಿ ನಡೆಸುತ್ತಿರುತ್ತಾನೆ. ಉಳಿದರ್ಧಕ್ಕೆ ಬೆಂಬಲವಾಗಿ ಬೇರೇನೂ ಉಳಿದಿರುವುದಿಲ್ಲ.

ಪೆಡಲು ಮೆತ್ತಗಾಗುವುದಕ್ಕೆ ಪ್ರತಿಯಾಗಿ, ಕಲ್ಲಿನಂತೆ ಬಿಗಿಯಾಗುವುದೂ ಉಂಟು. ಕಾರುಗಳಲ್ಲಿ ಕಾಲಿನ ಬಲಕ್ಕೆ ಸಹಾಯ ಮಾಡಲು ಬೂಸ್ಟರ್ ಎಂಬ ದುಂಡಗಿನ ತಗಡಿನ ಪೆಟ್ಟಿಗೆ ಇರುತ್ತದೆ. ಅದು ಕೆಲಸ ಮಾಡುವುದು ಎಂಜಿನ್ ನಡೆಯುತ್ತಿರುವಾಗ ದೊರೆಯುವ ನಿರ್ವಾತದಿಂದ. ಇದನ್ನು ಪರೀಕ್ಷಿಸುವ ಬಗೆ ಅತ್ಯಂತ ಸುಲಭ. ಎಂಜಿನ್ ಬಂದ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿರಿ, ಅದು ಬಿಗಿಯಾಗುತ್ತದೆ. ಒತ್ತಿದ ಕಾಲನ್ನು ತೆಗೆಯದೆ ಎಂಜಿನ್ ಚಾಲೂ ಮಾಡಿರಿ. ಪೆಡಲು ಕಾಲಿನ ಕೆಳಗೆ ಸ್ವಲ್ಪ ತಗ್ಗಿದರೆ ಬೂಸ್ಟರ್ ನೆಟ್ಟಗಿದೆ. ತಗ್ಗದಿದ್ದರೆ ಅದರಲ್ಲಾಗಲಿ ಅದರ ನಳಿಗೆಯಲ್ಲಾಗಲಿ ದೋಷವಿದೆ.

ಇಲ್ಲಿಯೇ ಒಂದು ದುರಭ್ಯಾಸದ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಇಳಿಜಾರು ಬಂತೆಂದರೆ ಇಂಧನ ಉಳಿಸುವ ಸಲುವಾಗಿ ಗೇರು ತಪ್ಪಿಸುವವರು, ಎಂಜಿನ್ನನ್ನೇ ಬಂದ್ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಎಂಜಿನ್ ನಿಂತರೆ ಬೂಸ್ಟರಿನಲ್ಲಿ ಒಂದೆರಡು ಸಲಕ್ಕಾಗುವಷ್ಟು ಬಲ ಮಾತ್ರ ಉಳಿದಿರುತ್ತದೆ. ಲಾರಿ, ಬಸ್ಸುಗಳಲ್ಲಿ ಬ್ರೇಕಿಗೆ ಬೇಕಾದ ಒತ್ತುಗಾಳಿಯನ್ನು ತುಂಬುವ ಪಂಪು ಕೂಡ ಎಂಜಿನ್ನಿನಿಂದಲೇ ನಡೆಯುತ್ತದೆ. ೨೦೨೨ರ ನವೆಂಬರ್ ೨೦ರಂದು ಪುಣೆಯ ನವಲೆ ಸೇತುವೆಯ ಬಳಿ, ನಮ್ಮ ಕೊಲ್ಲಾಪುರದ ಪಕ್ಕದಿಂದಲೇ ಹಾದುಹೋಗುವ ಅದೇ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ, ಭಾರಿ ವಾಹನವೊಂದು ಇಳಿಜಾರಿನಲ್ಲಿ ಹತೋಟಿ ತಪ್ಪಿ ಇಪ್ಪತ್ತಕ್ಕೂ ಹೆಚ್ಚು ವಾಹನಗಳಿಗೆ ಡಿಕ್ಕಿ ಹೊಡೆದುದು ನಿಮಗೆ ನೆನಪಿರಬಹುದು. ಆ ರಾತ್ರಿ ಎಲ್ಲರ ಬಾಯಲ್ಲಿಯೂ "ಬ್ರೇಕು ಫೇಲ್" ಎಂಬ ಮಾತೇ ಇತ್ತು. ಸಾರಿಗೆ ಅಧಿಕಾರಿಗಳ ಪ್ರಾಥಮಿಕ ತಪಾಸಣೆಯಲ್ಲಿ ಬ್ರೇಕು ಕೆಟ್ಟಿರಲಿಲ್ಲವೆಂದೂ ಚಾಲಕನು ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿದ್ದನೆಂದೂ ಅನಂತರ ವರದಿಯಾಯಿತು.

ಈಗ ಕಣ್ಣಿನ ಕೆಲಸ. ಬಾನೆಟ್ಟು ತೆರೆದರೆ ಚಾಲಕನ ಬದಿಗೆ, ಹಿಂಭಾಗದಲ್ಲಿ, ಸಾಮಾನ್ಯವಾಗಿ ಬಿಳಿಯ ಚಿಕ್ಕ ಪ್ಲಾಸ್ಟಿಕ್ ಡಬ್ಬಿಯೊಂದು ಕಾಣುತ್ತದೆ. ಅದರ ಮೇಲೆ ಮೇಲಿನ ಗೆರೆ, ಕೆಳಗಿನ ಗೆರೆ ಎಂದು ಎರಡು ಗುರುತುಗಳಿರುತ್ತವೆ. ನಾವು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ ಇರುವುದು ಅದರಲ್ಲಿ. ಅದರ ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಮಟ್ಟ ಇಳಿದರೆ ಬಹಳ ಜನ ಮಾಡುವುದೇನೆಂದರೆ, ಅಂಗಡಿಯಿಂದ ಸೀಸೆ ತಂದು ತುಂಬಿ ಮುಚ್ಚಳ ಹಾಕಿಬಿಡುತ್ತಾರೆ. ಇದು ಜ್ವರ ಬಂದವನಿಗೆ ತಣ್ಣೀರು ಬಟ್ಟೆ ಹಾಕಿ ಮನೆಗೆ ಕಳಿಸಿದಂತೆ. ಈ ದ್ರವವು ಮುಚ್ಚಿದ ವ್ಯವಸ್ಥೆಯಲ್ಲಿ ಇರುವಂಥದು; ಪೆಟ್ರೋಲಿನಂತೆ ಉರಿದುಹೋಗುವುದಿಲ್ಲ. ಅದು ಇಳಿದಿದೆಯೆಂದರೆ ಎರಡೇ ಕಾರಣ: ಪ್ಯಾಡುಗಳು ಸವೆದು, ಅವುಗಳ ಹಿಂದಿನ ಪಿಸ್ಟನ್ನು ಹೊರಗೆ ಸರಿದು, ಆ ತೆರಪನ್ನು ದ್ರವ ತುಂಬಿಕೊಂಡಿದೆ, ಇಲ್ಲವೆ ಎಲ್ಲಿಯೋ ಸೋರುತ್ತಿದೆ. ಮೇಲಿಂದ ತುಂಬಿದವನು ಗಾಡಿ ಬರೆದು ಕಳಿಸಿದ ಪತ್ರವನ್ನು ಓದದೆ ಹರಿದು ಹಾಕಿದಂತಾಯಿತು. ಮೊದಲು ಪ್ಯಾಡುಗಳನ್ನು ನೋಡಬೇಕು, ನಾಲ್ಕೂ ಗಾಲಿಗಳ ಒಳಬದಿಯನ್ನು ನೋಡಬೇಕು, ಟಾಯರಿನ ಒಳಮೈ ಒದ್ದೆಯಾಗಿದೆಯೇ ಎಂದು ನೋಡಬೇಕು, ಆಮೇಲೆ ತುಂಬಬೇಕು.

ಚಾಲಕನ ಮುಂದಿನ ಫಲಕದಲ್ಲಿ ಬೆಳಗುವ ಕೆಂಪು ದೀಪದ ಮಾತೂ ಹೀಗೆಯೇ. ಎಷ್ಟೋ ಕಾರುಗಳಲ್ಲಿ ಹ್ಯಾಂಡ್ ಬ್ರೇಕು ಎಳೆದಾಗ ಹತ್ತುವ ದೀಪವೇ ಎಣ್ಣೆ ಕಡಿಮೆಯಾದಾಗಲೂ ಹತ್ತುತ್ತದೆ. ತಿರುವಿನಲ್ಲಿ ಒಂದು ಕ್ಷಣ ಮಿನುಗಿ ಆರಿದರೆ ಜನ ಹ್ಯಾಂಡ್ ಬ್ರೇಕಿನ ಸ್ವಿಚ್ಚನ್ನು ದೂರುತ್ತಾರೆ. ಎಣ್ಣೆ ಕೆಳಗಿನ ಗೆರೆಗೆ ಇಳಿದಾಗ, ತಿರುವಿನಲ್ಲಿ ಅದು ಓಲಾಡಿ, ದೀಪ ಮಿನುಗುವುದು ಹೆಚ್ಚು ಸಂಭವನೀಯ.

ಈ ದ್ರವಕ್ಕೆ ಹೆಸರು ಎಣ್ಣೆಯಾದರೂ ಜಾತಿಯಿಂದ ಅದು ಎಣ್ಣೆಯಲ್ಲ. ಇದು ಹೆಸರಿನ ಜಗಳವಲ್ಲ, ಜೀವದ ಮಾತು. ಎಂಜಿನ್ ಆಯಿಲನ್ನಾಗಲಿ ಬೇರೆ ಯಾವ ಖನಿಜ ತೈಲವನ್ನಾಗಲಿ ಆ ಡಬ್ಬಿಗೆ ಹಾಕಿದರೆ ಒಳಗಿನ ರಬ್ಬರುಗಳು ಊದಿಕೊಂಡು ಇಡೀ ವ್ಯವಸ್ಥೆ ಹಾಳಾಗುತ್ತದೆ. ನಿಜವಾದ ಬ್ರೇಕ್ ದ್ರವದ ಇನ್ನೊಂದು ಗುಣವೆಂದರೆ ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ ೪ ಎಂಬ ಗುರುತಿನ ಹೊಸ ದ್ರವ ಕುದಿಯಲು ಕನಿಷ್ಠ ೨೩೦ ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದೇ ದ್ರವವು ನೂರಕ್ಕೆ ಮೂರು ನಾಲ್ಕು ಭಾಗ ನೀರನ್ನು ಹೀರಿಕೊಂಡ ಮೇಲೆ ೧೫೫ ಡಿಗ್ರಿಯ ಸುಮಾರಿಗೇ ಕುದಿಯಬಹುದು. ಪೈಪಿನೊಳಗೆ ದ್ರವ ಕುದಿದರೆ ಉಗಿಯ ಗುಳ್ಳೆಗಳಾಗುತ್ತವೆ. ಗುಳ್ಳೆಗಳಾದರೆ ಪೆಡಲು ನೆಲಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಇದನ್ನು ಪೂರ್ತಿ ತೆಗೆದು ಹೊಸದನ್ನು ಹಾಕಬೇಕೆಂದು ಹೇಳುವುದು ಈ ಕಾರಣಕ್ಕಾಗಿ. ಹೊಸ ದ್ರವ ತಿಳಿಯಾಗಿ ಜೇನಿನ ಬಣ್ಣದ್ದಿರುತ್ತದೆ. ಚಹದ ಕಷಾಯದಂತೆ ಕಪ್ಪಾದುದನ್ನು ನೋಡಿದರೆ ಅದರ ಆಯುಷ್ಯ ತೀರಿತೆಂದು ತಿಳಿಯಿರಿ. ಮುಚ್ಚಳ ತೆರೆದು ಅರ್ಧ ಬಳಸಿದ ಸೀಸೆಯನ್ನು ಮುಂದಿನ ವರ್ಷಕ್ಕೆಂದು ಕಪಾಟಿನಲ್ಲಿ ಇಡುವ ಮಿತವ್ಯಯ ಇಲ್ಲಿ ಸಲ್ಲದು.

ತೇವದ ಮಾತು ಬಂದ ಮೇಲೆ ನಮ್ಮ ಶಿರೋಳ ತಾಲೂಕಿನ ಮಹಾಪೂರವನ್ನು ನೆನೆಯದೆ ಇರಲಾಗದು. ಕೃಷ್ಣಾ-ಪಂಚಗಂಗೆಯರ ನಡುವೆ ಬಾಳುವ ನಾವು ೨೦೦೫, ೨೦೧೯, ೨೦೨೧ರ ಮಹಾಪೂರಗಳನ್ನು ಕಂಡಿದ್ದೇವೆ. ನರಸೋಬವಾಡಿ, ಕುರುಂದವಾಡಗಳ ಕಡೆ ಎಷ್ಟೋ ಗಾಡಿಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ನೀರಿಳಿದ ಮೇಲೆ ಜನ ಎಂಜಿನ್ನಿನ ಚಿಂತೆ ಮಾಡಿದರು, ಸೀಟಿನ ಬಟ್ಟೆಯ ಚಿಂತೆ ಮಾಡಿದರು. ಎಂಜಿನ್ ಚಾಲೂ ಆಯಿತೆಂದರೆ ಗಾಡಿ ಬದುಕಿತೆಂದು ಸಂತೋಷಪಟ್ಟರು. ಎಂಜಿನ್ ಚಾಲೂ ಆಗದ ಗಾಡಿ ಯಾರನ್ನೂ ಕೊಲ್ಲುವುದಿಲ್ಲ. ಚಾಲೂ ಆಗಿ, ಬ್ರೇಕಿನೊಳಗೆ ಕೆಸರು ಕೂತ ಗಾಡಿಯೇ ಅಪಾಯದ ಗಾಡಿ. ಡ್ರಮ್ಮಿನೊಳಗೆ ಹೊಕ್ಕ ನಯವಾದ ಕೆಸರು ಒಣಗಿ ಲೈನಿಂಗಿಗೂ ಡ್ರಮ್ಮಿಗೂ ನಡುವೆ ಕೂಡುತ್ತದೆ, ಹ್ಯಾಂಡ್ ಬ್ರೇಕಿನ ತಂತಿ ತನ್ನ ಕೊಳವೆಯೊಳಗೆ ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆ, ಪಿಸ್ಟನ್ನುಗಳು ಜಾಮಾಗುತ್ತವೆ, ಎಣ್ಣೆಯ ಡಬ್ಬಿಯವರೆಗೆ ನೀರು ಏರಿದ್ದರೆ ಮುಚ್ಚಳದ ಸಣ್ಣ ರಂಧ್ರದಿಂದ ಒಳಗೂ ಹೊಕ್ಕಿರಬಹುದು. ಆದುದರಿಂದ ಪೂರದಲ್ಲಿ ನಿಂತ ಗಾಡಿಯ ನಾಲ್ಕೂ ಗಾಲಿಗಳನ್ನು ಬಿಚ್ಚಿಸಿ, ಡ್ರಮ್ಮು ತೆಗೆಸಿ ಸ್ವಚ್ಛ ಮಾಡಿಸಿ, ದ್ರವವನ್ನು ಪೂರ್ತಿ ಬದಲಿಸಿದ ಹೊರತು ರಸ್ತೆಗೆ ತರಬಾರದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಪೂರದ ಕುರುಹು ಇದೆಯೇ ಎಂದು ಸೀಟಿನ ಕೆಳಗೆ, ಕಾಲಿನ ಚಾಪೆಯ ಕೆಳಗೆ ನೋಡಿಕೊಳ್ಳುವುದು ಒಳ್ಳೆಯದು.

ಮಳೆಗಾಲದಲ್ಲಿ ಹಳ್ಳದ ನೀರನ್ನು ದಾಟಿದ ಮೇಲೆ ಬ್ರೇಕು ಕೆಲವು ಕ್ಷಣ ಹತ್ತದಿರುವುದು ಬೇರೆ ಸಂಗತಿ. ಲೈನಿಂಗು ಒದ್ದೆಯಾಗಿ ಜಾರುತ್ತದೆ. ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು, ನಿಧಾನವಾಗಿ ಹೋಗುತ್ತ ಪೆಡಲನ್ನು ಹಗುರಾಗಿ ಐದಾರು ಸಲ ಒತ್ತಿದರೆ ಆ ಶಾಖಕ್ಕೆ ಅದು ಒಣಗುತ್ತದೆ. ರಾತ್ರಿಯ ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಮೊದಲನೆಯ ಎರಡು ಮೂರು ಸಲ ಕರಕರ ಎಂದರೆ ಹೆದರಬೇಕಾಗಿಲ್ಲ. ಡಿಸ್ಕಿನ ಮೇಲೆ ಕೂತ ತೆಳುವಾದ ತುಕ್ಕು ಉಜ್ಜಿಹೋಗುವ ಸಪ್ಪಳವದು.

ಹೆದರಬೇಕಾದ ಸಪ್ಪಳಗಳು ಬೇರೆ. ಎಷ್ಟೋ ಪ್ಯಾಡುಗಳಲ್ಲಿ ಸಣ್ಣ ತಗಡಿನ ಪಟ್ಟಿಯೊಂದನ್ನು ಉದ್ದೇಶಪೂರ್ವಕವಾಗಿಯೇ ಇಟ್ಟಿರುತ್ತಾರೆ. ಹೊಸದರಲ್ಲಿ ಸುಮಾರು ೧೦ ಮಿಲಿಮೀಟರ್ ದಪ್ಪವಿದ್ದ ಪ್ಯಾಡು ಸವೆಯುತ್ತ ೩ ಮಿಲಿಮೀಟರಿನ ಹತ್ತಿರ ಬಂದಾಗ ಈ ಪಟ್ಟಿ ಡಿಸ್ಕಿಗೆ ತಗುಲಿ ಕೀಚಲು ಧ್ವನಿ ಹೊರಡಿಸುತ್ತದೆ. ಆ ಧ್ವನಿ ಕೇಳಿ ಪ್ಯಾಡು ಬದಲಿಸಿದವನಿಗೆ ಕಡಿಮೆ ಹಣದಲ್ಲಿ ಕೆಲಸ ಮುಗಿಯಿತು. ರೇಡಿಯೋದ ಧ್ವನಿ ಹೆಚ್ಚಿಸಿ ಮುಂದೆ ಹೋದವನಿಗೆ ಕೆಲವು ದಿನಗಳಲ್ಲಿ ಕೀಚಲು ಹೋಗಿ, ಬೀಸುವ ಕಲ್ಲಿನಂಥ ಗರಗರ ಸಪ್ಪಳ ಬರುತ್ತದೆ. ಆಗ ಕಬ್ಬಿಣವು ಕಬ್ಬಿಣವನ್ನು ತಿನ್ನುತ್ತಿರುತ್ತದೆ. ಪ್ಯಾಡಿನೊಡನೆ ಡಿಸ್ಕೂ ಹೋಗುತ್ತದೆ. ಹಿಂದಿನ ಡ್ರಮ್ಮುಗಳಿಗೆ ಇಂಥ ಪಟ್ಟಿ ಸಾಮಾನ್ಯವಾಗಿ ಇರುವುದಿಲ್ಲ, ಬಿಚ್ಚಿ ನೋಡದ ಹೊರತು ಅವುಗಳ ಸವೆತ ಕಾಣುವುದೂ ಇಲ್ಲ. ಆದುದರಿಂದ ಅವನ್ನು ಸರ್ವಿಸಿಂಗಿನ ಹೊತ್ತಿಗೆ ಕೇಳಿ ಬಿಚ್ಚಿಸಬೇಕಾಗುತ್ತದೆ. ಬಿಚ್ಚಿದ ಡ್ರಮ್ಮಿನ ಧೂಳನ್ನು ಬಾಯಿಂದ ಊದುವ, ಗಾಳಿಯ ಪೈಪಿನಿಂದ ಹಾರಿಸುವ ಪದ್ಧತಿ ಗ್ಯಾರೇಜುಗಳಲ್ಲಿದೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಪುಪ್ಪುಸಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಲು ಹೇಳಿರಿ.

ಬ್ರೇಕು ಒತ್ತಿದಾಗ ಗಾಡಿ ಒಂದು ಬದಿಗೆ ಎಳೆದರೆ, ಎದುರಿನ ಬದಿಯ ಗಾಲಿ ತನ್ನ ಪಾಲಿನ ಕೆಲಸ ಮಾಡುತ್ತಿಲ್ಲವೆಂದು ಅರ್ಥ. ಪ್ಯಾಡಿಗೆ ಎಣ್ಣೆ ತಾಗಿರಬಹುದು, ಪಿಸ್ಟನ್ನು ಸಿಕ್ಕಿಕೊಂಡಿರಬಹುದು. ಆದರೆ ಮೊದಲು ಟಾಯರುಗಳ ಗಾಳಿಯನ್ನು ನೋಡಿರಿ. ಎಷ್ಟೋ ಸಲ ದೋಷ ಅಲ್ಲಿಯೇ ಮುಗಿಯುತ್ತದೆ. ಪೆಡಲು ಕಾಲಿನ ಕೆಳಗೆ ಹೊಡೆದುಕೊಂಡರೆ, ಸ್ಟೇರಿಂಗು ನಡುಗಿದರೆ, ಡಿಸ್ಕಿನ ದಪ್ಪ ಎಲ್ಲ ಕಡೆಗೂ ಒಂದೇ ಸಮನಾಗಿ ಉಳಿದಿಲ್ಲವೆಂದು ತಿಳಿಯಬೇಕು. ಇದಕ್ಕೊಂದು ಅಪವಾದವುಂಟು. ಭಾರತದಲ್ಲಿ ೨೦೧೯ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎ.ಬಿ.ಎಸ್. ಎಂಬ, ಗಾಲಿ ಪೂರ್ತಿ ಕಚ್ಚಿ ಜಾರದಂತೆ ಕಾಯುವ ಸಾಧನ ಕಡ್ಡಾಯವಾಯಿತು. ಆಪತ್ತಿನಲ್ಲಿ ಜೋರಾಗಿ ಒತ್ತಿದಾಗ ಆ ಸಾಧನ ಕೆಲಸ ಮಾಡುತ್ತ ಪೆಡಲನ್ನು ಟಕಟಕನೆ ನೂಕುತ್ತದೆ. ಏನೋ ಮುರಿಯಿತೆಂದು ಬೆದರಿ ಕಾಲು ತೆಗೆಯುವವರುಂಟು. ತೆಗೆಯಬಾರದು; ಇನ್ನೂ ಗಟ್ಟಿಯಾಗಿ ಒತ್ತಿಹಿಡಿಯಬೇಕು.

ಇನ್ನು ಮೂಗಿಗೆ ತಿಳಿಯುವ ಲಕ್ಷಣ, ಮತ್ತು ಘಾಟಗಳ ಮಾತು. ನಮ್ಮ ಜಯಸಿಂಗಪುರ ಸಮತಟ್ಟಾದ ಊರು. ಇಲ್ಲಿಂದ ಸಾಂಗಲಿಗೆ, ಮಿರಜಿಗೆ, ಇಚಲಕರಂಜಿಗೆ ಓಡಾಡುವ ಗಾಡಿಗೆ ಅರೆ ಆರೋಗ್ಯದ ಬ್ರೇಕೂ ಸಾಕೆನಿಸುತ್ತದೆ. ರಜೆ ಬಂದಾಗ ಅದೇ ಗಾಡಿಯಲ್ಲಿ ಇಡೀ ಸಂಸಾರವನ್ನು ಕೂಡಿಸಿಕೊಂಡು ಅಂಬಾ ಘಾಟ ಇಳಿದು ರತ್ನಾಗಿರಿಯ ಕಡೆಗೋ, ಅಂಬೋಲಿ ಇಳಿದು ಸಾವಂತವಾಡಿಯ ಕಡೆಗೋ ಹೋಗುತ್ತೇವೆ. ಬೆಳಗಾವಿಯ ದಾರಿಯಲ್ಲಿ ನಿಪ್ಪಾಣಿ ದಾಟಿದೊಡನೆ ತವಂದಿ ಘಾಟ ಬರುತ್ತದೆ. ಅಂಬೋಲಿಯಿಂದ ಕೆಳಗಿನ ಬಯಲಿಗೆ ಇಳಿಯುವುದೆಂದರೆ ೫೦೦ ಮೀಟರಿಗೂ ಹೆಚ್ಚು ಇಳಿದಂತೆ. ಜನ ತುಂಬಿದ ೧೨೦೦ ಕಿಲೋಗ್ರಾಂ ಗಾಡಿಯನ್ನು ಇಷ್ಟು ದೂರ ಕೇವಲ ಬ್ರೇಕಿನಿಂದಲೇ ತಡೆದರೆ ಹುಟ್ಟುವ ಶಾಖ ಒಂದು ಕೊಡ ನೀರನ್ನು ಕುದಿಸುವಷ್ಟು. ಅದೆಲ್ಲವೂ ಅಂಗೈಯಗಲದ ಕೆಲವು ಪ್ಯಾಡುಗಳಲ್ಲಿ ಹುಟ್ಟುತ್ತದೆ. ಮೊದಲು ಸುಟ್ಟ ರಬ್ಬರಿನಂಥ, ಕಮಟು ವಾಸನೆ ಬರುತ್ತದೆ. ಅನಂತರ ಪೆಡಲು ಗಟ್ಟಿಯಾಗಿಯೇ ಇದ್ದರೂ ಗಾಡಿ ನಿಲ್ಲಲೊಲ್ಲದು, ಏಕೆಂದರೆ ಕಾದ ಪ್ಯಾಡು ಹಿಡಿತ ಕಳೆದುಕೊಳ್ಳುತ್ತದೆ. ದ್ರವ ಹಳೆಯದಾಗಿದ್ದರೆ ಅದೂ ಕುದಿದು ಪೆಡಲು ಪಾತಾಳಕ್ಕೆ ಹೋಗುತ್ತದೆ. ವಾಸನೆ ಬಂದಾಗಲೇ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಟ್ಟರೆ ಬಹುತೇಕ ಮರಳಿ ಸರಿಹೋಗುತ್ತದೆ. ಕಾದ ಗಾಲಿಗೆ ನೀರು ಮಾತ್ರ ಸುರಿಯಬೇಡಿರಿ, ಡಿಸ್ಕು ಸೊಟ್ಟಗಾಗುತ್ತದೆ. ಘಾಟ ಇಳಿಯುವಾಗ ಎರಡನೆಯ ಇಲ್ಲವೆ ಮೂರನೆಯ ಗೇರಿನಲ್ಲಿ ಎಂಜಿನ್ನಿನಿಂದಲೇ ಗಾಡಿಯನ್ನು ಹಿಡಿದಿಡಬೇಕು. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂದು ಹಳೆಯ ಲಾರಿ ಚಾಲಕರು ಹೇಳುತ್ತಿದ್ದುದು ಇಂದಿಗೂ ಸರಿಯಾದ ಲೆಕ್ಕ.

ಸಮತಟ್ಟು ರಸ್ತೆಯಲ್ಲಿಯೂ ಈ ವಾಸನೆ ಬಂದರೆ, ಒಂದು ಗಾಲಿ ಮಾತ್ರ ಉಳಿದವುಗಳಿಗಿಂತ ಬಹಳ ಕಾದಿದ್ದರೆ, ಆ ಗಾಲಿಯ ಬ್ರೇಕು ಬಿಡುತ್ತಿಲ್ಲ. ಮುಟ್ಟದೆ, ಅಂಗೈಯನ್ನು ಹತ್ತಿರ ಒಯ್ದು ಹೋಲಿಸಿ ನೋಡಿದರೆ ತಿಳಿಯುತ್ತದೆ. ಹ್ಯಾಂಡ್ ಬ್ರೇಕು ಎಳೆದೇ ಗಾಡಿ ಓಡಿಸುವ ಮರೆಗುಳಿಗಳ ಕಥೆ ಬೇರೆ. ಅದನ್ನು ಅವರವರ ಮನೆಯವರಿಗೆ ಬಿಡುತ್ತೇನೆ.

ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳ ಅರಸ ಟ್ರ್ಯಾಕ್ಟರು. ಹೊಲದಲ್ಲಿ ತಿರುಗಿಸಲು ಅನುಕೂಲವಾಗಲೆಂದು ಅದಕ್ಕೆ ಎಡಗಾಲಿಗೊಂದು, ಬಲಗಾಲಿಗೊಂದು ಬೇರೆ ಬೇರೆ ಬ್ರೇಕ್ ಪೆಡಲುಗಳಿರುತ್ತವೆ. ರಸ್ತೆಗೆ ಬಂದೊಡನೆ ಅವೆರಡನ್ನೂ ಕೂಡಿಸುವ ಕೊಂಡಿಯನ್ನು ಹಾಕಲೇಬೇಕು. ಹಾಕದೆ ಒಂದನ್ನೇ ಒತ್ತಿದರೆ ಟ್ರ್ಯಾಕ್ಟರು ಆ ಬದಿಗೆ ಗಿರಕ್ಕನೆ ತಿರುಗಿ ಉರುಳುತ್ತದೆ. ಹಿಂದೆ ಕಟ್ಟಿದ ಟ್ರೇಲರುಗಳಿಗೆ ತಮ್ಮದೇ ಬ್ರೇಕು ಇಲ್ಲದಿರುವುದೇ ಹೆಚ್ಚು. ಅಷ್ಟು ಕಬ್ಬಿನ ಭಾರವೆಲ್ಲ ಮುಂದಿನ ಟ್ರ್ಯಾಕ್ಟರಿನ ಬೆನ್ನನ್ನು ನೂಕುತ್ತಿರುತ್ತದೆ. ಕಾರಿನವರು ಇದನ್ನರಿತು, ಅದರ ಮುಂದೆ ನುಗ್ಗಿ ಒಮ್ಮೆಲೇ ಬ್ರೇಕು ಹಾಕುವ ಸಾಹಸ ಮಾಡಬಾರದು.

ಇಷ್ಟೆಲ್ಲ ಆದ ಮೇಲೂ ಒಂದು ದಿನ ಪೆಡಲು ನೆಲಕ್ಕೆ ಹೋಯಿತೆನ್ನಿ. ಎಂಜಿನ್ ಬಂದ್ ಮಾಡಬೇಡಿರಿ. ಸ್ಟೇರಿಂಗು ಬಿಗಿಯಾಗುತ್ತದೆ, ಕೀಲಿ ತೆಗೆದರೆ ಸಿಕ್ಕಿಕೊಳ್ಳುತ್ತದೆ. ಪೆಡಲನ್ನು ವೇಗವಾಗಿ ಮತ್ತೆ ಮತ್ತೆ ಒತ್ತಿರಿ. ಉಳಿದ ಒತ್ತಡವಾದರೂ ಸಿಕ್ಕೀತು. ಒಂದೊಂದೇ ಗೇರು ಕೆಳಗಿಳಿಸಿರಿ. ಹ್ಯಾಂಡ್ ಬ್ರೇಕನ್ನು ಅದರ ಗುಂಡಿ ಒತ್ತಿ ಹಿಡಿದುಕೊಂಡು ಮೆಲ್ಲಮೆಲ್ಲಗೆ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಗಾಲಿಗಳು ಕಚ್ಚಿ ಗಾಡಿ ತಿರುಗಿಬಿಡುತ್ತದೆ. ದೀಪ, ಹಾರ್ನುಗಳಿಂದ ಇತರರಿಗೆ ತಿಳಿಸಿರಿ. ಘಾಟದಲ್ಲಿ ಕಂದಕದ ಕಡೆಗಲ್ಲ, ಗುಡ್ಡದ ಕಡೆಗೆ ಗಾಡಿಯನ್ನು ಒರಗಿಸಿರಿ.

ಕೊನೆಗೆ, ನನ್ನನ್ನು ಇಲ್ಲಿಗೆ ಕರೆತಂದ ವಿಷಯ. ಮಕ್ಕಳನ್ನು ಕರೆತರುವ ವ್ಯಾನಿನ ಚಾಲಕನನ್ನು ಮಕ್ಕಳು ಕಾಕಾ ಎಂದು ಕರೆಯುತ್ತಾರೆ. ಅವನೂ ಅವರನ್ನು ತನ್ನ ಮಕ್ಕಳಂತೆ ನೋಡಿಕೊಳ್ಳುತ್ತಾನೆ. ಈ ಸ್ನೇಹದ ಕಾರಣದಿಂದಲೇ "ನಿಮ್ಮ ಗಾಡಿಯ ಪ್ಯಾಡು ಎಂದು ಬದಲಿಸಿದಿರಿ?" ಎಂದು ಕೇಳಲು ಪಾಲಕರಿಗೆ ನಾಚಿಕೆಯಾಗುತ್ತದೆ. ಮಹಾರಾಷ್ಟ್ರ ಸರಕಾರವು ೨೦೧೧ರಲ್ಲಿ ಶಾಲಾ ಬಸ್ಸುಗಳ ಸಲುವಾಗಿ ನಿಯಮಗಳನ್ನು ಮಾಡಿ, ಶಾಲೆಗಳಲ್ಲಿ ಸಾರಿಗೆ ಸಮಿತಿಯಿರಬೇಕೆಂದು, ಅದರಲ್ಲಿ ಪಾಲಕರ ಪ್ರತಿನಿಧಿಯೂ ಇರಬೇಕೆಂದು ವಿಧಿಸಿತು. ಆ ಸಮಿತಿಯ ಸಭೆ ಸಹಿ ಮಾಡಿ ಚಹ ಕುಡಿದು ಏಳುವ ಸಭೆಯಾಗಬಾರದೆಂಬುದು ನನ್ನ ಅಭಿಪ್ರಾಯ. ವ್ಯಾನಿನವನ ಮೇಲೆ ಕೇವಲ ತಪಾಸಣೆಯ ಭಾರ ಹೊರಿಸುವುದೂ ನ್ಯಾಯವಲ್ಲ. ತಿಂಗಳಿಗೆ ಇಷ್ಟೇ ಎಂದು ಚೌಕಾಸಿ ಮಾಡಿ ಬಾಡಿಗೆಯನ್ನು ಇಳಿಸಿದವರು ನಾವೇ; ಹಿಡಿಸುವುದಕ್ಕಿಂತ ಹೆಚ್ಚು ಮಕ್ಕಳನ್ನು ತುಂಬದೆ ಅವನಿಗೆ ಗಿಟ್ಟದಂತೆ ಮಾಡಿದವರೂ ನಾವೇ. ಭಾರ ಹೆಚ್ಚಿದಷ್ಟೂ ಗಾಡಿ ನಿಲ್ಲುವ ದೂರ ಬೆಳೆಯುತ್ತದೆ, ಪ್ಯಾಡು ಬೇಗ ಸವೆಯುತ್ತದೆ, ಅದನ್ನು ಬದಲಿಸುವ ಹಣ ಅವನ ಕೈಯಲ್ಲಿ ಉಳಿದಿರುವುದಿಲ್ಲ. ಪಾಲಕರು ಕೂಡಿ ವರ್ಷಕ್ಕೆರಡು ಸಲ, ಜೂನಿನಲ್ಲಿ ಶಾಲೆ ತೆರೆಯುವ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ, ಈ ಗಾಡಿಗಳ ಬ್ರೇಕನ್ನು ಬಿಚ್ಚಿಸಿ ನೋಡುವ ಖರ್ಚನ್ನು ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಅಲ್ಪವೇ.

ಸಭೆ ಮುಗಿದ ಮೇಲೆ ಪಟಾಂಗಣದಲ್ಲಿ ಒಂದು ಕಾರನ್ನೂ ಒಂದು ವ್ಯಾನನ್ನೂ ನಿಲ್ಲಿಸಿಡಲು ಹೇಳಿದ್ದೇನೆ. ಬಾನೆಟ್ಟು ತೆರೆದು ಆ ಬಿಳಿಯ ಡಬ್ಬಿಯನ್ನು ತೋರಿಸುತ್ತೇನೆ. ಪೆಡಲನ್ನು ಅರ್ಧ ನಿಮಿಷ ಒತ್ತಿಹಿಡಿಯುವ ಪರೀಕ್ಷೆಯನ್ನು ನೀವೇ ಕೂತು ಮಾಡಿ ನೋಡಬಹುದು. ಮನೆಯಲ್ಲಿ ಗಾಡಿ ನಡೆಸುವ ತಾಯಂದಿರು ಮೊದಲು ಬರಬೇಕೆಂದು ಕೇಳಿಕೊಳ್ಳುತ್ತೇನೆ.